ಮೌಜಲ್ ಬಂದರಿನ ದೀಪಗಳು



ನಿಮ್ಮಲ್ಲಿ ಹಲವರ ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ. ಡಿಸೆಂಬರಿನಲ್ಲಿ ಅಲ್ಲಿಗೆ ಹೋದವರನ್ನು ಲಂಡನ್ನಿನ ಅಂಗಡಿಬೀದಿಗಳ ದೀಪಾಲಂಕಾರ ನೋಡಲು ಕರೆದೊಯ್ಯುವುದು ರೂಢಿ. ಕಡಲತೀರವೇನಿದ್ದರೂ ಬೇಸಿಗೆಗೆ ಎಂದುಕೊಂಡಿರುತ್ತಾರೆ. ಕ್ರಿಸ್ಮಸ್ಸಿಗೆ ಮುಂಚೆ ಎರಡು ಮೂರು ದಿನ ಬಿಡುವು ಸಿಕ್ಕರೆ ಕಾರ್ನ್‌ವಾಲ್‌ನ ಮೌಜಲ್ ಎಂಬ ಬೆಸ್ತರ ಹಳ್ಳಿಗೆ ಹೋಗಿ ಬನ್ನಿ ಎಂದು ಹೇಳಲಿಕ್ಕೇ ನಾನಿವತ್ತು ನಿಂತಿರುವುದು.

ಪ್ಯಾಡಿಂಗ್ಟನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಐದು ಗಂಟೆಯ ದಾರಿ. ಪೆನ್ಜಾನ್ಸಿನಲ್ಲಿ ಹಳಿ ಮುಗಿಯುತ್ತದೆ. ಅಲ್ಲಿಂದ ಬಸ್ಸು. ಹಿಮ ಬೀಳುವುದು ಅಪರೂಪ, ಮಳೆಗಾಳಿ ಮಾತ್ರ ಧಾರಾಳ. ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ.

ಬಂದರು ಬಹಳ ಪುಟ್ಟದು. ಎರಡು ಕಲ್ಲುಗೋಡೆಗಳ ನಡುವೆ ಕಿರಿದಾದೊಂದು ಬಾಯಿ. ಚಳಿಗಾಲ ಬಂತೆಂದರೆ ಆ ಬಾಯಿಗೆ ದಪ್ಪ ಮರದ ತೊಲೆಗಳನ್ನು ಒಂದರ ಮೇಲೊಂದು ಇಳಿಸಿ ಕಡಲನ್ನು ಹೊರಗೇ ನಿಲ್ಲಿಸುತ್ತಾರೆ. ಒಳಗೆ ನೀರಿನ ಮೇಲೆ ಬಣ್ಣದ ಬಲ್ಬುಗಳಲ್ಲಿ ತಿಮಿಂಗಿಲ, ಕಡಲಸರ್ಪ ಹೊಳೆಯುತ್ತಿರುತ್ತವೆ. 1963ರಲ್ಲಿ ಜೋನ್ ಗಿಲ್‌ಕ್ರಿಸ್ಟ್ ಎಂಬ ಚಿತ್ರಕಲಾವಿದೆ ಕಟ್ಟಿದ ಒಂದು ಸರ ದೀಪದಿಂದ ಶುರುವಾದದ್ದು ಇದು. ಇಂದಿಗೂ ದೀಪ ಕಟ್ಟುವವರು ಊರಿನ ಸ್ವಯಂಸೇವಕರೇ.

ಆದರೆ ಸಾಧ್ಯವಾದರೆ 19ನೇ ತಾರೀಕು ಅಲ್ಲಿರಿ. ಅಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ದೀಪಗಳನ್ನು ಆರಿಸುತ್ತಾರೆ. ಶಿಲುಬೆ ಮತ್ತು ದೇವದೂತರ ದೀಪಗಳಷ್ಟೇ ಉಳಿಯುತ್ತವೆ. ಪಾಸ್ಟಿ ಎಂಬ ಬಿಸಿ ಕಡುಬು ಕೈಯಲ್ಲಿ ಹಿಡಿದು ಗೋಡೆಯ ಬಳಿ ನಿಂತಿದ್ದ ಜನರ ಗದ್ದಲ ತಾನಾಗಿ ಇಳಿದುಹೋದದ್ದು ನನಗೆ ನೆನಪಿದೆ. ತೊಲೆಗಳಿಗೆ ನೀರು ಬಡಿಯುವ ಸದ್ದು ಅಲ್ಲಿಯವರೆಗೆ ಕಿವಿಗೇ ಬಿದ್ದಿರಲಿಲ್ಲ.

ದೀಪ ಆರಿಸುವುದು 1981ರ ಡಿಸೆಂಬರ್ 19ರ ನೆನಪಿಗೆ. ಯೂನಿಯನ್ ಸ್ಟಾರ್ ಎಂಬ ಹಡಗು ತನ್ನ ಮೊದಲ ಯಾನದಲ್ಲೇ, ಐರ್ಲೆಂಡಿಗೆ ಗೊಬ್ಬರ ಒಯ್ಯುತ್ತಿರುವಾಗ, ಈ ತೀರದಾಚೆ ಎಂಜಿನ್ ಕೆಟ್ಟು ಬಿರುಗಾಳಿಗೆ ಸಿಕ್ಕಿತು. ಒಳಗೆ ಎಂಟು ಜನ. ಕ್ಯಾಪ್ಟನ್ನಿನ ಹೆಂಡತಿ, ಅವಳ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹೆಲಿಕಾಪ್ಟರ್ ಬಂತು, ಯಾರನ್ನೂ ಮೇಲೆತ್ತಲಾಗಲಿಲ್ಲ. ಆಗ ಮೌಜಲ್‌ನ ಎಂಟು ಮಂದಿ ಸಾಲಮನ್ ಬ್ರೌನ್ ಎಂಬ 47 ಅಡಿಯ ಮರದ ಲೈಫ್‌ಬೋಟನ್ನು ಕಡಲಿಗಿಳಿಸಿದರು. ಚುಕ್ಕಾಣಿ ಟ್ರೆವೆಲ್ಯನ್ ರಿಚರ್ಡ್ಸ್ ಅವರದು. ನೀಲ್ ಬ್ರಾಕ್‌ಮನ್ ಎಂಬ ಹುಡುಗನೂ ಬರುತ್ತೇನೆಂದು ನಿಂತಿದ್ದ. ಅವನ ತಂದೆ ಆಗಲೇ ತಂಡದಲ್ಲಿದ್ದರು. ಇಂಥ ರಾತ್ರಿ ಒಂದೇ ಮನೆಯಿಂದ ಇಬ್ಬರನ್ನು ಕರೆದೊಯ್ಯಲಾರೆ ಎಂದು ರಿಚರ್ಡ್ಸ್ ಅವನನ್ನು ದಡದಲ್ಲೇ ಬಿಟ್ಟರು. ಆ ಒಂದು ನಿರ್ಧಾರವನ್ನು ನೆನೆದಾಗಲೆಲ್ಲ ನನಗೆ ಆ ಮನುಷ್ಯನ ಮೇಲಿನ ಗೌರವ ಹೆಚ್ಚುತ್ತದೆ. ಹೊರಟಿರುವುದು ಎಂಥ ಕಡಲಿಗೆ ಎಂದು ತಿಳಿದೂ ಹೋದವರು ಅವರು.

ನಾಲ್ವರನ್ನು ಹತ್ತಿಸಿಕೊಂಡಿದ್ದೇವೆ ಎಂದು ಲೈಫ್‌ಬೋಟಿನಿಂದ ರೇಡಿಯೊದಲ್ಲಿ ಮಾತು ಬಂತು. ಅಲ್ಲಿಗೆ ರೇಡಿಯೊ ನಿಂತಿತು. ಎರಡೂ ಕಡೆಯ ಹದಿನಾರು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಸತ್ತವರಲ್ಲಿ ಶಿಪ್ ಇನ್ ಪಬ್ ನಡೆಸುತ್ತಿದ್ದ ಚಾರ್ಲಿ ಗ್ರೀನ್‌ಹಾ ಒಬ್ಬರು. ಆ ವರ್ಷದ ದೀಪಗಳನ್ನು ಬೆಳಗಿಸಿದ್ದು ಅವರೇ. ಊರು ದೀಪ ಆರಿಸಿತು. ಮತ್ತೆ ಹಚ್ಚಿ ಎಂದು ಕೆಲವೇ ದಿನಗಳಲ್ಲಿ ಕೇಳಿದವರು ಅವರ ಹೆಂಡತಿ. ದಡದಲ್ಲಿ ಉಳಿದ ನೀಲ್ ಮುಂದೆ, ಸಾಲಮನ್ ಬ್ರೌನ್ ಸೇರಿದ್ದ ಪೆನ್ಲೀ ಲೈಫ್‌ಬೋಟ್ ಕೇಂದ್ರದಲ್ಲೇ ಚುಕ್ಕಾಣಿ ಹಿಡಿದ.

ಹಬ್ಬವನ್ನೂ ಶೋಕವನ್ನೂ ಒಂದೇ ಬಂದರಿನಲ್ಲಿ ಇಟ್ಟುಕೊಂಡ ಈ ಊರು 23ರಂದು ಮತ್ತೆ ಹಬ್ಬ ಮಾಡುತ್ತದೆ. ಬರಗಾಲದಲ್ಲಿ ಬಿರುಗಾಳಿಗೆದುರಾಗಿ ಹೋಗಿ ಮೀನು ತಂದು ಊರಿಗೆ ಉಣಿಸಿದ ಟಾಮ್ ಬಾಕಾಕ್‌ನ ಹೆಸರಿನಲ್ಲಿ, ಮೀನಿನ ತಲೆಗಳು ಹೊರಗಿಣುಕುವ ಸ್ಟಾರ್‌ಗೇಜಿ ಪೈ ಬೇಯಿಸುತ್ತಾರೆ. ಅದು ಐತಿಹ್ಯ ನಿಜ. ಆದರೆ 1981ರ ಸಂಗತಿ ಗೊತ್ತಿದ್ದವರು ಅದನ್ನು ಬರೀ ಕಥೆಯೆಂದು ಕೇಳಲಾರರು.

ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ 1824ರಲ್ಲಿ ಹುಟ್ಟಿದ್ದು. ಬಹುಪಾಲು ಜನರ ದೇಣಿಗೆಯಿಂದಲೇ ನಡೆಯುತ್ತದೆ, ದೋಣಿಯೇರುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಊರಿನ ಜನ. ಅಲ್ಲಿಗೆ ಹೋದಾಗ ಲೈಫ್‌ಬೋಟಿನ ಕಾಣಿಕೆ ಡಬ್ಬಿ ಕಂಡರೆ ದಯವಿಟ್ಟು ಕೈಲಾದಷ್ಟು ಹಾಕಿ ಬನ್ನಿ.