ಜೇನಿನಂತೆ ಕಾಣದ ಜೇನುಗಳು



ಜೇನು ಎಂದೊಡನೆ ಮಲೆನಾಡಿನವರ ಕಣ್ಣ ಮುಂದೆ ಬರುವುದು ಹೆಮ್ಮರದ ಕೊಂಬೆಗೆ ಜೋತುಬಿದ್ದ ಹೆಜ್ಜೇನು, ಪೊಟರೆಯೊಳಗಿನ ತುಡುವೆ, ಪೊದೆಯ ಕಡ್ಡಿಗೆ ಕಟ್ಟಿಕೊಂಡ ಕೋಲ್ಜೇನು ಮತ್ತು ಗೋಡೆಯ ಬಿರುಕಿನ ಮುಜಂಟಿ. ಈ ನಾಲ್ಕಕ್ಕೂ ರಾಣಿಯಿದೆ, ಸಂಸಾರವಿದೆ, ತುಪ್ಪವಿದೆ. ಆದರೆ ಜಗತ್ತಿನಲ್ಲಿ ಈವರೆಗೆ ಗುರುತಿಸಲಾದ ಜೇನು ಪ್ರಭೇದಗಳ ಸಂಖ್ಯೆ 20,000ವನ್ನು ಮೀರಿದೆ. ಭಾರತವೊಂದರಲ್ಲೇ 700ಕ್ಕಿಂತ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ಮನುಷ್ಯ ಹಿಂಡಿಕೊಳ್ಳುವಷ್ಟು ತುಪ್ಪ ಕೂಡಿಡುವಂಥವು ಬೆರಳೆಣಿಕೆಯಷ್ಟು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುತ್ತವೆ. ಅವುಗಳಿಗೆ ರಾಣಿಯಿಲ್ಲ, ಸೈನ್ಯವಿಲ್ಲ, ತುಪ್ಪದ ಭಂಡಾರವೂ ಇಲ್ಲ.

ಇಂತಹ ಕಾಡುಜೇನುಗಳು ದಟ್ಟ ಕಾಡಿನಲ್ಲಿಯೇ ಇರುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ಜಗತ್ತಿನ ಜೇನುಗಳ ಹಂಚಿಕೆಯನ್ನು ನಕಾಶೆಗೆ ಇಳಿಸಿದ 2020ರ ಅಧ್ಯಯನವೊಂದು ಇದಕ್ಕೆ ಭಿನ್ನವಾದ ಚಿತ್ರವನ್ನು ಕೊಟ್ಟಿತು. ಜೇನು ಪ್ರಭೇದಗಳು ಹೆಚ್ಚಾಗಿರುವುದು ಮಳೆಕಾಡುಗಳಲ್ಲಲ್ಲ, ಒಣಹವೆಯ ತೆರೆದ ನಾಡುಗಳಲ್ಲಿ. ಆದ್ದರಿಂದ ಈ ಮಾತು ಘಟ್ಟದ ಕಾಡನ್ನು ಬಿಟ್ಟು ಬಯಲುಸೀಮೆಯ ನಾಲ್ಕು ತಾಲ್ಲೂಕುಗಳತ್ತ ಹೊರಳುತ್ತದೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ದಾಟುವಾಗ ಬಹುಕಾಲ ಬರಿ ಮರಳಿನ ಹಾಸು. ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂ, ಚಿಂತಾಮಣಿಯ ಟೊಮೆಟೊ ಮತ್ತು ಮಾವು, ಶಿಡ್ಲಘಟ್ಟದ ಹಿಪ್ಪುನೇರಳೆ, ಗೌರಿಬಿದನೂರಿನ ಮುಸುಕಿನ ಜೋಳ ಎಲ್ಲವೂ ಮಳೆಯನ್ನೋ ಆಳದ ಕೊಳವೆಬಾವಿಯನ್ನೋ ನಂಬಿ ನಿಂತಿವೆ. ಇಲ್ಲಿ ಕಾಡು ಕಡಿಮೆ, ತುಪ್ಪ ಕಡಿಮೆ. ಜೇನು ಮಾತ್ರ ಧಾರಾಳವಾಗಿದೆ. ಆದರೆ ಅದು ಜೇನಿನಂತೆ ಕಾಣುವುದಿಲ್ಲ. ಕಷ್ಟ ಮೊದಲಾಗುವುದು ಅಲ್ಲಿಯೇ.

ಬೆಳಗಿನ ಬಿಸಿಲೇರುವ ಹೊತ್ತಿನಲ್ಲಿ ಬದುವಿನ ತುಂಬೆ ಗಿಡದ ಬಳಿ ಕಾಲು ಗಂಟೆ ನಿಂತರೆ ಸಾಕು. ಕಂದುಬಣ್ಣದ ಎದೆ, ಕಪ್ಪು ಹೊಟ್ಟೆ, ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ಜೀವಿಯೊಂದು ಹೂವಿಂದ ಹೂವಿಗೆ ಬಾಣದಂತೆ ಹಾರುವುದು ಕಾಣುತ್ತದೆ. ಅದು ಅಮೆಜಿಲ್ಲಾ ಕುಲದ ನೀಲಿಪಟ್ಟೆ ಜೇನು. ಅದರ ಬೆನ್ನಿಗೇ ನೀಲಿ ಅಥವಾ ಬಿಳಿ ಚುಕ್ಕೆಗಳಿಂದ ಸಿಂಗರಗೊಂಡ ಕಪ್ಪು ಜೇನೊಂದು ಸುಳಿಯಬಹುದು. ಅದು ಥೈರಿಯಸ್ ಎಂಬ ಕೋಗಿಲೆ ಜೇನು. ಕೋಗಿಲೆಯು ಕಾಗೆಯ ಗೂಡನ್ನು ಹುಡುಕುವಂತೆ ಇದು ನೀಲಿಪಟ್ಟೆ ಜೇನಿನ ಗೂಡನ್ನು ಹುಡುಕಿ ತನ್ನ ಮೊಟ್ಟೆಯಿಡುತ್ತದೆ. ತನ್ನ ಮರಿಗಾಗಿ ಪರಾಗ ಹೊರುವ ಗೋಜು ಅದಕ್ಕಿಲ್ಲ. ಆದ್ದರಿಂದಲೇ ಪರಾಗ ಹೊರುವ ರೋಮದ ಬುಟ್ಟಿಯೂ ಅದರ ಮೈಮೇಲಿಲ್ಲ. ಕೋಗಿಲೆ ಜೇನು ಕಂಡಿತೆಂದರೆ ಅಲ್ಲಿ ನೀಲಿಪಟ್ಟೆ ಜೇನು ನೆಲೆನಿಂತಿದೆ ಎಂದೇ ತಿಳಿಯಬೇಕು.

ಎಲೆಕತ್ತರಿ ಜೇನಿನ ಕಥೆ ಬೇರೆ. ಮೆಗಾಕೈಲ್ ಕುಲದ ಈ ಜೇನು ಪರಾಗವನ್ನು ಕಾಲಿನಲ್ಲಿ ಹೊರುವುದಿಲ್ಲ. ಹೊಟ್ಟೆಯ ಅಡಿಭಾಗದ ಒತ್ತಾದ ರೋಮಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಹೂವಿನ ಮೇಲೆ ಕುಳಿತಾಗ ಅದರ ಹೊಟ್ಟೆ ಹಳದಿ ಪುಡಿ ಬಳಿದಂತೆ ಕಾಣುತ್ತದೆ. ಸೆರಾಟಿನಾ ಕುಲದ ಕಿರುಜೇನು ಇರುವೆಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಕೆಲವು ಪಚ್ಚೆಕಲ್ಲಿನಂತೆ ಹಸಿರಾಗಿ ಹೊಳೆಯುತ್ತವೆ. ಬೆಂಡು ತುಂಬಿದ ಒಣಕಡ್ಡಿಯನ್ನು ಕೊರೆದು ಅವು ಒಳಗೆ ಮನೆ ಮಾಡುತ್ತವೆ. ಬಡಗಿ ಜೇನು ಇವೆಲ್ಲವುಗಳಿಗಿಂತ ದೊಡ್ಡದು. ಅದರ ಮೈ ಕಪ್ಪು, ರೆಕ್ಕೆಗಳಲ್ಲಿ ನೇರಳೆ ಮಿಶ್ರಿತ ನೀಲಿ ಮಿಂಚು. ಎಕ್ಕದ ಹೂವಿನ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ಒದಗುವುದು ಇದೇ. ಇದರ ಒಂದು ಪ್ರಭೇದದಲ್ಲಿ ಹೆಣ್ಣು ಹಳದಿ ಎದೆಯ ಕರಿ ಜೇನಾದರೆ ಗಂಡು ಅಡಿಯಿಂದ ಮುಡಿಯವರೆಗೆ ಹೊಂಬಣ್ಣದ್ದು. ಜೊತೆಗಿಟ್ಟು ನೋಡಿದವರು ಇವೆರಡೂ ಒಂದೇ ಜಾತಿಯವೆಂದು ನಂಬಲಾರರು. ಗಂಡಿಗೆ ಕೊಂಡಿಯೇ ಇಲ್ಲ. ಅದು ಮುಖದೆದುರು ಗುಂಯ್‌ಗುಟ್ಟುತ್ತಾ ನಿಂತರೂ ಕಚ್ಚಲಾರದು.

ಹಳಗನ್ನಡ ಕಾವ್ಯಗಳು ಭೃಂಗ, ಭ್ರಮರ, ತುಂಬಿ ಎಂದು ಕೊಂಡಾಡಿದ ಕರಿಯ ಜೀವಿಗೆ ಈ ಬಡಗಿ ಜೇನೇ ಹತ್ತಿರದ್ದೆಂದು ತೋರುತ್ತದೆ. ಷಟ್ಪದಿಯೆಂಬ ಛಂದಸ್ಸಿನ ಹೆಸರಿಗೂ ಆರು ಕಾಲಿನ ಈ ಜೀವಿಯ ಹೆಸರಿಗೂ ನಂಟುಂಟು. ಆದರೆ ಇಂದಿನ ಕೃಷಿ ಕರಪತ್ರಗಳಲ್ಲಿ ದುಂಬಿಯೆಂದರೆ ತೆಂಗಿನ ಸುಳಿ ಕೊರೆಯುವ ರೈನಾಸರಸ್ ದುಂಬಿ, ಎಲೆ ತಿನ್ನುವ ದುಂಬಿ. ಒಂದೇ ಪದವು ಮಿತ್ರನಿಗೂ ಶತ್ರುವಿಗೂ ಸಂದಿದೆ. ಹೆಸರಿನ ಈ ಗೊಂದಲದಲ್ಲಿ ಬಡಗಿ ಜೇನು ಪೆಟ್ಟು ತಿನ್ನುತ್ತದೆ. ಅತ್ತ ಹೂನೊಣವೆಂಬ ನೊಣವು ಹಳದಿ ಕಪ್ಪು ಪಟ್ಟೆ ಧರಿಸಿ ಜೇನೆಂದು ಮೆರೆಯುತ್ತದೆ. ನೊಣಕ್ಕಿರುವುದು ಎರಡು ರೆಕ್ಕೆ, ಜೇನಿಗೆ ನಾಲ್ಕು. ನೊಣದ ಮೀಸೆ ಮೋಟು, ಜೇನಿನ ಮೀಸೆ ಉದ್ದ. ಇಷ್ಟನ್ನು ನೆನಪಿಟ್ಟರೆ ಶಾಲಾ ಮಕ್ಕಳೂ ಇವೆರಡನ್ನು ಬೇರ್ಪಡಿಸಬಲ್ಲರು.

ಈ ವಿವರಗಳೆಲ್ಲ ಕೇವಲ ಕುತೂಹಲದ ಸಂಗತಿಗಳಲ್ಲ. ಚಿಂತಾಮಣಿಯ ಟೊಮೆಟೊ ಹೊಲಕ್ಕೆ ಹೋದರೆ ಅದು ಮನದಟ್ಟಾಗುತ್ತದೆ. ಟೊಮೆಟೊ ಹೂವಿನ ಪರಾಗಕೋಶವು ಉಪ್ಪಿನ ಡಬ್ಬಿಯಂತಿದೆ. ತುದಿಯ ಸಣ್ಣ ರಂಧ್ರದಿಂದ ಪರಾಗ ಹೊರಬೀಳಬೇಕಾದರೆ ಹೂವನ್ನು ಅಲುಗಿಸಬೇಕು. ಗಾಳಿ ಈ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ನೀಲಿಪಟ್ಟೆ ಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಿಚ್ಚದೆ, ಎದೆಯ ಸ್ನಾಯುಗಳನ್ನು ಮಾತ್ರ ಅತಿವೇಗವಾಗಿ ಕಂಪಿಸಿ ಪರಾಗವನ್ನು ಉದುರಿಸುತ್ತದೆ. ಆ ಗುಂಯ್ ಸದ್ದು ಹೊಲದಲ್ಲಿ ಕಿವಿಗೆ ಕೇಳುತ್ತದೆ. ಬಡಗಿ ಜೇನಿಗೂ ನೋಮಿಯಾ ಬಳಗದ ನೆಲಜೇನಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗಾಗಲಿ, ವಿದೇಶದಿಂದ ಬಂದ ಮೆಲ್ಲಿಫೆರಾ ಜೇನಿಗಾಗಲಿ ಇದು ತಿಳಿಯದು. ಬದನೆ ಮತ್ತು ಬದುವಿನ ತಂಗಡಿಯ ಹೂಗಳೂ ಇದೇ ಬಗೆಯವು.

ಯೂರೋಪಿನ ಗಾಜುಮನೆಗಳಲ್ಲಿ ಟೊಮೆಟೊ ಹೂಗಳನ್ನು ಒಂದು ಕಾಲಕ್ಕೆ ಕೂಲಿಯಾಳುಗಳು ವಿದ್ಯುತ್ ಸಲಕರಣೆಯಿಂದ ಅಲುಗಿಸುತ್ತಿದ್ದರು. 1980ರ ದಶಕದ ಕೊನೆಯಿಂದ ಬಂಬಲ್ ಜೇನುಗಳನ್ನು ಸಾಕಿ ಮಾರುವುದು ಅಲ್ಲಿ ಒಂದು ಉದ್ಯಮವೇ ಆಯಿತು. ಬಂಬಲ್ ಜೇನಿಲ್ಲದ ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿ ವಿಜ್ಞಾನಿಗಳು ಸ್ಥಳೀಯ ಅಮೆಜಿಲ್ಲಾವನ್ನೇ ಗಾಜುಮನೆಗೆ ಬಿಟ್ಟು ನೋಡಿ, ಟೊಮೆಟೊ ಇಳುವರಿ ಹೆಚ್ಚಿದ್ದನ್ನು 2006ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಬಂಬಲ್ ಜೇನಿರುವುದು ಹಿಮಾಲಯದ ಸೀಮೆಯಲ್ಲಿ. ದಕ್ಷಿಣದ ಬಯಲಿನಲ್ಲಿ ಅದರ ಕೆಲಸವನ್ನು ನೀಲಿಪಟ್ಟೆ ಜೇನಿನಂಥವು ಕೂಲಿಯಿಲ್ಲದೆ ಮಾಡುತ್ತಿವೆ.

ಈ ಕೂಲಿಯಿಲ್ಲದ ಆಳಿನ ಬದುಕು ಬಹಳ ಸೂಕ್ಷ್ಮವಾದದ್ದು. ಹೆಣ್ಣು ಜೇನು ಒಬ್ಬಳೇ ಬದುವಿನ ಇಳಿಜಾರಿನಲ್ಲೋ ಹಳೆಯ ಮಣ್ಣಿನ ಗೋಡೆಯಲ್ಲೋ ಬಿಲ ತೋಡುತ್ತಾಳೆ. ಒಳಗೆ ಕೋಣೆ ಮಾಡಿ, ಪರಾಗ ಮತ್ತು ಮಕರಂದದ ಬುತ್ತಿಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು ಕೋಣೆಯನ್ನು ಮುಚ್ಚುತ್ತಾಳೆ. ತುಡುವೆಯ ರಾಣಿ ದಿನವೊಂದರಲ್ಲೇ ನೂರಾರು ಮೊಟ್ಟೆಯಿಡಬಲ್ಲಳು. ಒಂಟಿಜೇನಿನ ತಾಯಿ ಬಾಳೆಲ್ಲ ದುಡಿದರೂ ಸಾಮಾನ್ಯವಾಗಿ ಕೆಲವೇ ಹತ್ತು ಮೊಟ್ಟೆ. ಬಹುಪಾಲು ತಾಯಂದಿರು ಮಕ್ಕಳ ಮುಖ ನೋಡುವ ಮೊದಲೇ ಸಾಯುತ್ತಾರೆ. ಸಣ್ಣ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿನಾಚೆ ಹೋಗಲಾರವು. ಹೂ ಇರುವ ಹೊಲಕ್ಕೆ ಅಷ್ಟು ಹತ್ತಿರದಲ್ಲೇ ಗೂಡಿಗೆ ನೆಲವೂ ಸಿಗಬೇಕು. ಜಗತ್ತಿನ ಜೇನು ಪ್ರಭೇದಗಳಲ್ಲಿ ಸುಮಾರು ಶೇ. 70ರಷ್ಟು ನೆಲದಲ್ಲೇ ಗೂಡು ಮಾಡುವಂಥವು. ಅವುಗಳಿಗೆ ಬೇಕಾದುದು ಉಳದ, ಮುಚ್ಚದ, ಬಿಸಿಲು ಬೀಳುವ ಒಂದಿಷ್ಟು ಬರಿನೆಲ.

ಅಂತಹ ನೆಲವೇ ಈಗ ಕರಗುತ್ತಿದೆ. ಜಮೀನು ಸಮತಟ್ಟು ಮಾಡಲು ಬಂದ ಜೆಸಿಬಿ ಹಳೆಯ ಬದುವನ್ನು ಅರ್ಧ ದಿನದಲ್ಲಿ ಅಳಿಸುತ್ತದೆ. ಟೊಮೆಟೊ ಸಾಲಿನ ಮಣ್ಣಿಗೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿದೆ. ಮಣ್ಣಿನ ಗೋಡೆಯ ಜಾಗದಲ್ಲಿ ಸಿಮೆಂಟಿನ ಗೋಡೆ ಎದ್ದಿದೆ. ರಾಗಿ ಹೊಲದ ಅಕ್ಕಡಿ ಸಾಲು ಕಡಿಮೆಯಾಗಿದೆ. ರಾಗಿಗೆ ಜೇನಿನ ಹಂಗಿಲ್ಲ. ಆದರೆ ಅದರ ನಡುವಿನ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಒಂದರ ಹಿಂದೊಂದು ಹೂಬಿಟ್ಟು ಜೇನಿಗೆ ತಿಂಗಳುಗಟ್ಟಲೆ ಊಟವಿಕ್ಕುತ್ತಿದ್ದವು. ಅಕ್ಕಡಿಯನ್ನು ರೂಢಿಗೆ ತಂದ ಹಿರಿಯರು ಮನೆಯ ಬೇಳೆ ಎಣ್ಣೆಗಳ ಲೆಕ್ಕವನ್ನಷ್ಟೇ ಹಾಕಿರಬಹುದು. ಆ ಲೆಕ್ಕದಲ್ಲಿ ಜೇನಿಗೂ ಪಾಲು ಸಿಕ್ಕಿತ್ತು.

ಇನ್ನು ವಿಷದ ಮಾತು. ಗುಲಾಬಿಯ ಎಲೆಯಂಚಿನಲ್ಲಿ ಅಚ್ಚು ಹೊಡೆದಂತೆ ದುಂಡಗಿನ ಕತ್ತರಿಕೆ ಕಂಡರೆ ಬೆಳೆಗಾರನು ಹುಳು ಬಿದ್ದಿದೆಯೆಂದು ಔಷಧಿ ಸಿಂಪಡಿಸುತ್ತಾನೆ. ಅದು ಎಲೆಕತ್ತರಿ ಜೇನು ತನ್ನ ಮರಿಯ ತೊಟ್ಟಿಲಿಗೆಂದು ಒಯ್ದ ತುಂಡು. ಅದು ಎಲೆಯನ್ನು ತಿನ್ನುವುದಿಲ್ಲ, ಗಿಡಕ್ಕೂ ಹೇಳಿಕೊಳ್ಳುವಂಥ ಹಾನಿಯಿಲ್ಲ. ಪಕ್ಕದ ಹೊಲದ ತೊಗರಿ ಹೂವನ್ನು ಬಿಡಿಸಿ ಪರಾಗಸ್ಪರ್ಶ ಮಾಡುವುದೂ ಇದೇ ಜೇನು. ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಕೀಟನಾಶಕಗಳು ಎಲೆಯ ಮೇಲೆ ನಿಲ್ಲದೆ ಗಿಡದ ರಸದಲ್ಲಿ ಸೇರಿ ಪರಾಗವನ್ನೂ ತಲಪುತ್ತವೆ. ಇಂಥ ಮೂರು ಔಷಧಿಗಳ ಬಯಲು ಬಳಕೆಯನ್ನು ಯೂರೋಪಿಯನ್ ಒಕ್ಕೂಟ ಜೇನುಗಳ ಹಿತಕ್ಕಾಗಿಯೇ 2018ರಲ್ಲಿ ನಿಷೇಧಿಸಿತು.

ಜೇನು ಬೇಕಾದರೆ ಪೆಟ್ಟಿಗೆ ತಂದಿಟ್ಟರಾಯಿತು ಎನ್ನುವವರಿದ್ದಾರೆ. ಜೇನುಸಾಕಣೆ ಒಳ್ಳೆಯ ಕಸುಬೇ. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಮಟ್ಟಿಗೆ ಬರಿದು ಮಾಡಿತ್ತು. ಮಲೆನಾಡಿನ ಜೇನುಸಾಕಣೆಗಾರರು ಆ ದಿನಗಳನ್ನು ಮರೆತಿಲ್ಲ. ಒಂದೇ ಜೇನನ್ನು ನೆಚ್ಚಿದರೆ ಆಗುವುದು ಇದು. ಹಲವು ರೂಪದ ಹಲವು ಜೇನುಗಳಿದ್ದಲ್ಲಿ ಒಂದು ಸೋತರೂ ಇನ್ನೊಂದು ಹೂವಿನ ಬಾಗಿಲಿಗೆ ಬರುತ್ತದೆ.

ಕೀಟವೊಂದನ್ನು ಕಾಪಾಡುವುದು ಹೇಗೆಂದು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಯಾರೂ ಕಲಿಸಬೇಕಿಲ್ಲ. ಹುಳು ಸಾಕುವ ಮನೆಯ ಗಾಳಿ, ಶಾಖ, ತೇವ ಎಲ್ಲಕ್ಕೂ ಅವರಲ್ಲಿ ಲೆಕ್ಕವಿದೆ. ಪಕ್ಕದ ತೋಟದಲ್ಲಿ ಹೊಡೆದ ಔಷಧಿಯ ತುಂತುರು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಗೂಡಿನ ಬೆಳೆಯೇ ಕೈಬಿಡುವುದೆಂದು ಅವರು ಬಲ್ಲರು. ನೆರೆಹೊರೆಯವರು ಮಾತಾಡಿಕೊಂಡು ಸಿಂಪರಣೆಯ ದಿನವನ್ನು ಹೊಂದಿಸಿಕೊಳ್ಳುವುದೂ ಉಂಟು. ರೇಷ್ಮೆ ಹುಳು ಮನೆಯೊಳಗಿದೆ, ಸತ್ತರೆ ತಟ್ಟೆಯಲ್ಲೇ ಕಾಣುತ್ತದೆ, ನಷ್ಟವು ಮಾರುಕಟ್ಟೆಯಲ್ಲಿ ಎಣಿಕೆಗೆ ಸಿಗುತ್ತದೆ. ನೀಲಿಪಟ್ಟೆ ಜೇನು ಬದುವಿನಲ್ಲಿದೆ. ಅದು ಸತ್ತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಳುವರಿ ಕುಸಿದಾಗ ದೂರು ಬೀಜದ ಮೇಲೋ ಗೊಬ್ಬರದ ಮೇಲೋ ಹೋಗುತ್ತದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹೊಲದ ಒಂದು ಬದಿಯ ಬದುವನ್ನಾದರೂ ಉಳದೆ, ಸುಡದೆ ಬಿಡುವುದು. ಅಲ್ಲಿ ತುಂಬೆ, ತಂಗಡಿ, ಎಕ್ಕ, ಕಾಮಕಸ್ತೂರಿಗಳಿಗೆ ಎಡೆ ಕೊಡುವುದು. ಒಣಗಿದ ಮರದ ತುಂಡನ್ನು ಬಡಗಿ ಜೇನಿಗೂ ಟೊಳ್ಳು ಕಡ್ಡಿಗಳನ್ನು ಕಿರುಜೇನಿಗೂ ಉಳಿಸುವುದು. ರಾಗಿಯಲ್ಲಿ ನಾಲ್ಕು ಸಾಲು ಅಕ್ಕಡಿಯನ್ನು ಮತ್ತೆ ಹಾಕುವುದು. ಹೂಬಿಟ್ಟ ಬೆಳೆಗೆ ಸಿಂಪರಣೆ ಅನಿವಾರ್ಯವಾದರೆ ಹೊತ್ತು ಮುಳುಗಿದ ಮೇಲೆ ಮಾಡುವುದು. ಇದಕ್ಕೆ ಅನುದಾನ ಬೇಡ, ಆದೇಶ ಬೇಡ.

ಎಲ್ಲಕ್ಕಿಂತ ಮೊದಲು ಇವನ್ನು ಹೆಸರು ಹಿಡಿದು ಕರೆಯಲು ಕಲಿಯಬೇಕು. ಹೆಸರಿಲ್ಲದ್ದು ಹುಳುವಾಗುತ್ತದೆ, ಹುಳುವಾದದ್ದಕ್ಕೆ ಔಷಧಿ ಬೀಳುತ್ತದೆ. ಬದುವಿನ ತುಂಬೆಯ ಮೇಲೆ ನೀಲಿ ಮಿಂಚೊಂದು ಸುಳಿದಾಗ ರೈತನ ಮಗಳು ಅದನ್ನು ಜೇನೆಂದು ಗುರುತಿಸಿ, ಟೊಮೆಟೊ ಕಾಯಿ ಕಟ್ಟಿಸುವುದು ಇದೇ ಎಂದು ಹೇಳುವಂತಾದರೆ ಆ ಬದು ಉಳಿಯುತ್ತದೆ.