ಊರು ಅದೇ, ಅಂಗಿ ಬೇರೆ



ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಒಂದು ಮನೆ ಎಂದುಕೊಳ್ಳಿ. ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ನಾಲ್ವರು. ದೊಡ್ಡವನು ಬಿ.ಎ. ಓದುತ್ತಾನೆ, ಎರಡನೆಯವನು ಎಂಜಿನಿಯರಿಂಗ್, ಮೂರನೆಯವನು ಮೆಡಿಕಲ್. ತಂಗಿ ಮಹಿಳಾ ಕಾಲೇಜಿನಲ್ಲಿ ಪದವಿ ಮಾಡುತ್ತಾಳೆ. ನಾಲ್ವರೂ ಆಟಗಾರರೇ, ಬೆಳಿಗ್ಗೆ ಓಡುವುದು ಒಂದೇ ಮೈದಾನದಲ್ಲಿ. ಆದರೆ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ತಂಡ ಆರಿಸುವಾಗ ಒಬ್ಬೊಬ್ಬರ ದಾರಿ ಒಂದೊಂದು ಕಡೆ. ದೊಡ್ಡವನು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂಗಿ ತೊಡುತ್ತಾನೆ, ಎರಡನೆಯವನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ಮೂರನೆಯವನದು ಬಿ.ಎಲ್.ಡಿ.ಇ. ಡೀಮ್ಡ್ ವಿಶ್ವವಿದ್ಯಾಲಯ, ತಂಗಿಯದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ವಲಯ ಮಟ್ಟದ ಪಂದ್ಯದಲ್ಲಿ ಅಣ್ಣತಮ್ಮಂದಿರೇ ಎದುರುಬದುರು ನಿಲ್ಲಬೇಕಾಗಿ ಬಂದರೂ ಆಶ್ಚರ್ಯವಿಲ್ಲ.

ಇದು ಹೀಗೆ ಆದದ್ದು ಹೇಗೆ ಎನ್ನುವುದು ಇವತ್ತಿನ ನನ್ನ ಮಾತಿನ ವಿಷಯ. ಈ ಕಥೆಯಲ್ಲಿ ಆಟಕ್ಕಿಂತ ಹೆಚ್ಚಾಗಿ ರಾಜ್ಯದ ಗಡಿ ಇದೆ, ವಿಧಾನಸಭೆಯ ಕಾಯಿದೆ ಇದೆ, ಊರು ಬಿಟ್ಟು ಊರಿಗೆ ಹೋದ ಜನರಿದ್ದಾರೆ.

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಕರಾಚಿಯಿಂದ ಕಾರವಾರದವರೆಗೆ, ಮುಂಬಯಿ ಪ್ರಾಂತದ ಅಷ್ಟೂ ನೆಲಕ್ಕೆ ಅದೊಂದೇ ವಿಶ್ವವಿದ್ಯಾಲಯವಾಗಿತ್ತು. ವಿಜಯಪುರವೂ ಆ ಪ್ರಾಂತದ ಜಿಲ್ಲೆ. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು. ಆ ಮೇಲೆ ಇಲ್ಲಿಯ ಹುಡುಗರಿಗೆ ಸೊಲ್ಲಾಪುರ, ಪುಣೆ, ಮುಂಬಯಿಗಳ ದಾರಿ ಸಲೀಸಾಯಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ವಚನ ಸಾಹಿತ್ಯಕ್ಕೆ ಜೀವ ತೇದ ಡಾ. ಫ.ಗು. ಹಳಕಟ್ಟಿಯವರೂ ಮುಂಬಯಿಯಲ್ಲಿ ಓದಿ ವಕೀಲರಾಗಿ ವಿಜಯಪುರಕ್ಕೆ ಬಂದವರು. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಗೆ ಬುನಾದಿ ಹಾಕಿದವರು ಅವರೇ. ಆದರೂ ಪದವಿ ಕಾಲೇಜು ಈ ಊರಿಗೆ ಬರಲು 1945ರವರೆಗೆ ಕಾಯಬೇಕಾಯಿತು.

ಆಗಿನ ಕ್ರೀಡಾಪಟುವಿನ ಪಾಡು ನೆನೆಸಿಕೊಳ್ಳಿ. ವಿಶ್ವವಿದ್ಯಾಲಯಗಳ ನಡುವಿನ ಕ್ರಿಕೆಟ್ಟಿಗೆ ರೋಹಿಂಟನ್ ಬಾರಿಯಾ ಟ್ರೋಫಿ ಶುರುವಾದದ್ದು 1935-36ರಲ್ಲಿ. ಮುಂಬಯಿಯ ತಂಡಕ್ಕೆ ಸೇರಬೇಕೆಂದರೆ ಎಲ್ಫಿನ್‌ಸ್ಟನ್, ಸೇಂಟ್ ಝೇವಿಯರ್ ಕಾಲೇಜುಗಳ ಹುಡುಗರನ್ನು ಮೀರಿಸಬೇಕು. ಅವರಿಗೆ ಪಿಚ್ ಮನೆಯ ಹತ್ತಿರ. ನಮ್ಮವರಿಗೆ ಆಯ್ಕೆಯ ಪಂದ್ಯಕ್ಕೆ ಹೋಗಿ ಬರುವುದೇ ಮೂರ್ನಾಲ್ಕು ದಿನದ ಕೆಲಸ, ರೈಲಿನ ಖರ್ಚು ಬೇರೆ. ಎಷ್ಟು ಜನ ಒಳ್ಳೆಯ ಆಟಗಾರರು ಹೋಟಗಿ ಜಂಕ್ಷನ್ ದಾಟದೆಯೇ ಉಳಿದರೋ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ ಮುಂಬಯಿ ಸರ್ಕಾರ ಈ ಭಾರವನ್ನು ಹಂಚಿತು. ಬಿ.ಜಿ. ಖೇರ್ ಆಗ ಪ್ರಾಂತದ ಮುಖ್ಯಸ್ಥರು. ಮರಾಠಿ ಜಿಲ್ಲೆಗಳಿಗೆ ಪುಣೆ ವಿಶ್ವವಿದ್ಯಾಲಯ ಬಂತು, ಗುಜರಾತಿ ಸೀಮೆಗೆ ಗುಜರಾತ್ ವಿಶ್ವವಿದ್ಯಾಲಯ ಬಂತು, ಕನ್ನಡ ಜಿಲ್ಲೆಗಳಿಗೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು. ನಮ್ಮದು ಮೊದಲು ಮುಂಬಯಿಯಲ್ಲೇ ಕಣ್ಣು ಬಿಟ್ಟು ಆ ಮೇಲೆ ಧಾರವಾಡಕ್ಕೆ ಬಂದು ನೆಲೆಸಿತು. ಇಲ್ಲಿ ಒಂದು ಕ್ಷಣ ನಿಲ್ಲೋಣ. ಭಾಷಾವಾರು ರಾಜ್ಯಗಳಾದದ್ದು 1956ರಲ್ಲಿ, ಮಹಾರಾಷ್ಟ್ರ ಮತ್ತು ಗುಜರಾತ್ ಬೇರೆಯಾದದ್ದು 1960ರಲ್ಲಿ. ವಿಶ್ವವಿದ್ಯಾಲಯಗಳ ನಕ್ಷೆ ಅದಕ್ಕೂ ಮುಂಚೆಯೇ ಆ ಗೆರೆಗಳನ್ನು ಎಳೆದಿತ್ತು! ಏಕೀಕರಣದ ಚರಿತ್ರೆ ಹೇಳುವಾಗ ನಾವು ಸಭೆ, ಸತ್ಯಾಗ್ರಹ, ಅದರಗುಂಚಿ ಶಂಕರಗೌಡರ ಉಪವಾಸಗಳನ್ನು ನೆನೆಯುತ್ತೇವೆ, ನೆನೆಯಲೇಬೇಕು. ಅದರ ಜೊತೆಗೆ 1949ರ ಈ ಕಾಯಿದೆಯನ್ನೂ ನೆನೆಯಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ರಾಜ್ಯ ಒಂದಾಗುವ ಏಳು ವರ್ಷ ಮೊದಲೇ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರದ ಹುಡುಗರು ಕರ್ನಾಟಕ ಎಂಬ ಹೆಸರಿನ ಕೆಳಗೆ ಒಂದು ತಂಡವಾಗಿ ಆಡಬಲ್ಲವರಾಗಿದ್ದರು.

1956ರ ನವೆಂಬರ್ 1ರಂದು ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಡೆಯಿಂದ ಕಲಬುರ್ಗಿ, ಬೀದರ, ರಾಯಚೂರು ಬಂದವು. ಅಲ್ಲಿಯವರೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ನೋಡುತ್ತಿದ್ದ ಕಾಲೇಜು ಓದು ಧಾರವಾಡದ ಕಡೆ ತಿರುಗಿತು. ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ 1954ರಿಂದ 1967ರ ಅವಧಿ ಇದೇ. ಬೀದರದಿಂದ ಕಾರವಾರದವರೆಗೆ ಹಬ್ಬಿದ ವಿಶ್ವವಿದ್ಯಾಲಯ ಅದು. ಆ ತಂಡದಲ್ಲಿ ಜಾಗ ಸಿಕ್ಕರೆ, ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಂಡರೆ, ಊರಿನಲ್ಲಿ ಹೆಸರು ಹೇಳಿ ತೋರಿಸುತ್ತಿದ್ದರು.

ಆ ಮೇಲಿನದು ಒಡೆಯುವ ಕಥೆ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆಯಾಯಿತು. 1996ರಲ್ಲಿ ಮೆಡಿಕಲ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಹೋದವು, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದವು. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಿಗೇ ಬಂತು. ಇಲ್ಲಿಂದ ತಿಕೋಟಾ ಕಡೆ ಹೋಗುವಾಗ ತೊರವಿಯಲ್ಲಿ ಅದರ ಆವರಣ ಸಿಗುತ್ತದೆ. 2008ರಲ್ಲಿ ಬಿ.ಎಲ್.ಡಿ.ಇ.ಗೆ ಡೀಮ್ಡ್ ಸ್ಥಾನ ಸಿಕ್ಕಿತು. 2010ರಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಧಾರವಾಡದ ಕೈ ಬಿಟ್ಟು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ ಬಂದವು. ಈಚೆಗೆ ಬಾಗಲಕೋಟೆಗೂ ತನ್ನದೇ ವಿಶ್ವವಿದ್ಯಾಲಯ ಆಗಿದೆ. ನಮ್ಮೂರಿನ ಮೆಡಿಕಲ್ ಕಾಲೇಜು 1986ರಲ್ಲಿ ಶುರುವಾದದ್ದು. ಕಟ್ಟಡ ಇದ್ದ ಜಾಗದಲ್ಲೇ ಇದೆ. ಇಪ್ಪತ್ತೆರಡು ವರ್ಷಗಳಲ್ಲಿ ಅದರ ವಿಶ್ವವಿದ್ಯಾಲಯ ಮಾತ್ರ ಧಾರವಾಡದಿಂದ ಬೆಂಗಳೂರಿಗೆ ಹೋಗಿ ತಿರುಗಿ ವಿಜಯಪುರಕ್ಕೆ ಬಂದಿದೆ.

ಇದನ್ನೆಲ್ಲ ಯೋಚಿಸುವಾಗ ಅಮೆರಿಕದ ಕಾಲೇಜು ಆಟದ ಸುದ್ದಿ ನನ್ನ ಗಮನ ಸೆಳೆಯಿತು. ಅಲ್ಲಿ ಕಾಲೇಜುಗಳು ತಮ್ಮತಮ್ಮಲ್ಲೇ ಕೂಟ ಕಟ್ಟಿಕೊಂಡು ಆಡುತ್ತವೆ. ‘ಬಿಗ್ ಟೆನ್’ ಎಂಬುದು 1896ರಷ್ಟು ಹಳೆಯ ಕೂಟ, ದೇಶದ ನಡುಭಾಗದ ಕಾಲೇಜುಗಳದ್ದು. 2024ರಲ್ಲಿ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು ಅದಕ್ಕೆ ಸೇರಿದವು. ಈಗ ಅವು ಪೂರ್ವ ತೀರದ ನ್ಯೂಜೆರ್ಸಿಗೆ ಹಾರಿ ಹೋಗಿ ಆಡಬೇಕು. ಟೆಕ್ಸಸ್, ಒಕ್ಲಹೋಮಗಳು ಅದೇ ವರ್ಷ ಆಗ್ನೇಯದ ಕೂಟಕ್ಕೆ ಹೋದವು. ಟೆಲಿವಿಷನ್ ಹಣ ಇದಕ್ಕೆಲ್ಲ ಮೂಲ. ಆದರೆ ರಾಜಕೀಯವೂ ಅಲ್ಲಿ ಕೈ ಹಾಕುತ್ತದೆ. 2003ರಲ್ಲಿ ವರ್ಜೀನಿಯಾದ ಗವರ್ನರ್ ಮಾರ್ಕ್ ವಾರ್ನರ್ ತಮ್ಮ ರಾಜ್ಯದ ವರ್ಜೀನಿಯಾ ಟೆಕ್ ಒಳ್ಳೆಯ ಕೂಟದಿಂದ ಹೊರಗುಳಿಯಬಾರದೆಂದು ಒತ್ತಡ ಹಾಕಿ ಗೆದ್ದರು. ಅಲ್ಲಿಯ ಜನರೂ ಒಂದೆಡೆ ನಿಲ್ಲುವವರಲ್ಲ. ಟೆಕ್ಸಸ್, ಫ್ಲಾರಿಡಾಗಳಿಗೆ ವಲಸೆ ಹೆಚ್ಚಿ, 2020ರ ಜನಗಣತಿಯ ನಂತರ ಟೆಕ್ಸಸ್ಸಿಗೆ ಸಂಸತ್ತಿನಲ್ಲಿ ಎರಡು ಸ್ಥಾನ ಹೆಚ್ಚಾಯಿತು, ಕ್ಯಾಲಿಫೋರ್ನಿಯಾಕ್ಕೆ ಒಂದು ಕಡಿಮೆಯಾಯಿತು.

ನಮ್ಮಲ್ಲಿ ಕಾಲೇಜಿನ ವಿಷಯವೂ ಸಂಸತ್ತಿನ ಸ್ಥಾನದ ವಿಷಯವೂ ಬೇರೆ ರೀತಿ. ಬರ ಬಿದ್ದಾಗ ಈ ಜಿಲ್ಲೆಯ ಸಾವಿರಾರು ಕುಟುಂಬಗಳು ಗೋವಾಕ್ಕೆ, ಪುಣೆಗೆ, ಮುಂಬಯಿಗೆ ದುಡಿಯಲು ಗುಳೆ ಹೋಗುತ್ತವೆ. ಆದರೆ ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎನ್ನುವುದು 1971ರ ಜನಗಣತಿಗೇ ಗಟ್ಟಿಯಾಗಿ ನಿಂತಿದೆ. ರಾಜ್ಯದ ಒಳಗಿನ ಕ್ಷೇತ್ರಗಳ ಗೆರೆಗಳಷ್ಟೇ ಬದಲಾಗುತ್ತವೆ. 2008ರಲ್ಲಿ ತಿಕೋಟಾ ವಿಧಾನಸಭಾ ಕ್ಷೇತ್ರ ಹೋಗಿ ಬಬಲೇಶ್ವರ ಕ್ಷೇತ್ರ ಬಂದದ್ದು ಹಾಗೆ. ಕಾಲೇಜಿನ ವಿಷಯದಲ್ಲೂ, ಯಾವ ಜಿಲ್ಲೆ ಯಾವ ವಿಶ್ವವಿದ್ಯಾಲಯಕ್ಕೆ ಎಂಬುದನ್ನು ಕಾಯಿದೆಯೇ ಗೊತ್ತುಮಾಡುತ್ತದೆ. ಒಳ್ಳೆಯ ಕೋಚ್ ಇದ್ದಾರೆ, ಒಳ್ಳೆಯ ಟ್ರ್ಯಾಕ್ ಇದೆ ಎಂದು ಸರ್ಕಾರಿ ಪದವಿ ಕಾಲೇಜೊಂದು ಬೇರೆ ವಿಶ್ವವಿದ್ಯಾಲಯಕ್ಕೆ ತಾನಾಗಿ ಹೊರಟುಬಿಡಲು ಬರುವುದಿಲ್ಲ. ಈ ಕಟ್ಟು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಹಣವಿದ್ದ ಕಡೆ ಓಡುವ ಕಾಲೇಜು ಬಡ ತಾಲೂಕಿನ ಹುಡುಗರನ್ನು ಹಿಂದೆ ಬಿಟ್ಟೇ ಓಡುತ್ತದೆ.

ವಿಶ್ವವಿದ್ಯಾಲಯಗಳು ಹೆಚ್ಚಾದದ್ದರಿಂದ ಒಂದು ಲಾಭವಂತೂ ಇದೆ. ಬೀದರದಿಂದ ಕಾರವಾರದವರೆಗೆ ಒಂದೇ ಕಬಡ್ಡಿ ತಂಡ ಹೋಗುತ್ತಿದ್ದ ಕಡೆ ಈಗ ಹಲವು ತಂಡಗಳು ಹೋಗುತ್ತವೆ. ಹಳ್ಳಿಯ ಹುಡುಗಿಗೆ ಮಹಿಳಾ ವಿಶ್ವವಿದ್ಯಾಲಯದ ತಂಡದಲ್ಲಿ ಸಿಗುವ ಜಾಗ ಹಳೆಯ ದೊಡ್ಡ ತಂಡದಲ್ಲಿ ಸಿಗುವುದು ದುರ್ಲಭವಾಗಿತ್ತು. ನಷ್ಟವೂ ಇದೆ. ಎರಡು ಮೂರು ಜಿಲ್ಲೆಯ ವಿಶ್ವವಿದ್ಯಾಲಯದೊಳಗೆ ಪೈಪೋಟಿ ತೆಳುವಾಗುತ್ತದೆ. ಹೊಸ ಕಡೆಗಳಲ್ಲಿ ಆಡಳಿತ ಭವನ ಮೊದಲು, ಮೈದಾನ ಕೊನೆಗೆ. ಸೈಕ್ಲಿಂಗ್‌ನಲ್ಲಿ ದೇಶಕ್ಕೇ ಹೆಸರಾದ ಜಿಲ್ಲೆ ನಮ್ಮದು. ಇಲ್ಲಿಯ ಸೈಕಲ್ ಪಟುಗಳು ಡಾಂಬರು ರಸ್ತೆಯಲ್ಲಿ ಲಾರಿಗಳ ಪಕ್ಕದಲ್ಲೇ ಕಸರತ್ತು ಮಾಡಿ ಬೆಳೆದವರು. ಅಂಥ ಮಕ್ಕಳ ಕೈಗೆ ಹೊಸ ವಿಶ್ವವಿದ್ಯಾಲಯದ ಹೆಸರಿನ ಅಂಗಿ ಕೊಟ್ಟರೆ ಸಾಲದು, ಟ್ರ್ಯಾಕ್ ಕೊಡಬೇಕು.

ಇನ್ನು ಗಡಿಯಾಚೆಯವರ ಮಾತು. ತಿಕೋಟಾ ತಾಲೂಕು ದಾಟಿದರೆ ಮಹಾರಾಷ್ಟ್ರದ ಜತ್ತ. ಅದು ಡಫಳೆ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು. 1949ರಲ್ಲಿ ವಿಶ್ವವಿದ್ಯಾಲಯಗಳನ್ನು ಹಂಚಿದಾಗ ಜತ್ತ ಪುಣೆಯ ಪಾಲಾಯಿತು, 1962ರಿಂದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪಾಲಾಯಿತು. ಅಕ್ಕಲಕೋಟೆಯೂ ಅದೇ ದಾರಿ ಹಿಡಿದು 2004ರಲ್ಲಿ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ ಬಂತು. ಈ ತಾಲೂಕುಗಳ ಕನ್ನಡ ಊರುಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿ ಜಾರಿಗೆ ಬರಲಿಲ್ಲ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇವತ್ತೂ ಕನ್ನಡ ಶಾಲೆಗಳಿವೆ. ಆ ಮಕ್ಕಳು ಮುಂದೆ ಓದಲು ವಿಜಯಪುರದ ಬಸ್ಸು ಹತ್ತುತ್ತಾರೆ. ವೃತ್ತಿ ಕೋರ್ಸುಗಳ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಬೇರೆಯೇ ನಿಯಮವಿದೆ, ಅದಕ್ಕೆ ಪ್ರಮಾಣಪತ್ರಗಳ ಕಟ್ಟು ಬೇಕು. ಆಟಕ್ಕೆ ಅದು ಬೇಡ. ವಿಶ್ವವಿದ್ಯಾಲಯದ ತಂಡಕ್ಕೆ ಬೇಕಾದದ್ದು ವಯಸ್ಸಿನ ಮಿತಿ ಮತ್ತು ಅಲ್ಲಿಯ ಖಾಯಂ ವಿದ್ಯಾರ್ಥಿ ಎಂಬ ದಾಖಲೆ. ಹುಟ್ಟಿದ ರಾಜ್ಯ ಯಾವುದೆಂದು ಅದು ಕೇಳುವುದಿಲ್ಲ. 1956ರಲ್ಲಿ ಜತ್ತದ ಹುಡುಗನಿಗೆ ಸಿಗದೆ ಹೋದ ಕರ್ನಾಟಕದ ಜಾಗ ಈ ಒಂದು ಕಡೆ ಸಿಗುತ್ತದೆ.

ಹಾಗಾಗಿ ವಿಜಯಪುರದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ. ಜೂನ್ ತಿಂಗಳಲ್ಲಿ ಪ್ರವೇಶ ಶುರುವಾಗುವ ಮೊದಲೇ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಓಡುವವರಿದ್ದಾರೆ, ಕುಸ್ತಿ ಹಿಡಿಯುವವರಿದ್ದಾರೆ, ಖೋಖೋ ಆಡುವವರಿದ್ದಾರೆ. ಅವರಿಗೆ ಹಾಸ್ಟೆಲ್ಲಿನಲ್ಲಿ ಜಾಗ ಕೊಡಿಸಿ.