ಪ್ರಗತಿಪತ್ರಕ್ಕೆ ಸಹಿ ಹಾಕುವ ಮುನ್ನ
(ಸುಬ್ರಹ್ಮಣ್ಯಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಮೊನ್ನೆ ಮಗ್ರಿಬ್ ನಮಾಜಿನ ನಂತರ ಒಬ್ಬ ಹುಡುಗ ಪ್ರಗತಿಪತ್ರ ಹಿಡಿದು ಬಂದ. "ಹಜ್ರತ್, ಅಬ್ಬಾ ಹೊಡೀತಾರೆ, ನೀವೇ ಸಹಿ ಹಾಕಿಬಿಡಿ" ಎಂದ. ಗಣಿತದಲ್ಲಿ 'ಸಿ' ಬಂದಿತ್ತು. ನಾನು ಸಹಿ ಹಾಕಲಿಲ್ಲ, ಅವನ ಜೊತೆ ಮನೆಗೆ ಹೋದೆ.

ತಂದೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿರುತ್ತವೆ. ರೂಪಣಾತ್ಮಕ ಎಂದರೆ, ಮಗು ಎಲ್ಲಿ ಎಡವುತ್ತಿದೆ ಎಂದು ಕಲಿಯುವಾಗಲೇ ತಿಳಿದು ತಿದ್ದುವುದು. ಎಸ್ಸೆಸ್ಸೆಲ್ಸಿಯಲ್ಲೂ ಗಣಿತದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೇ ಮೀಸಲು. ಹಾಗಾಗಿ ವರ್ಷದ ನಡುವೆ ಬಂದ 'ಸಿ' ತೀರ್ಪಲ್ಲ, ಸೂಚನೆ. ಹೊಡೆತಕ್ಕೆ ಹೆದರಿ ಮಗು ಅದನ್ನು ಮುಚ್ಚಿಟ್ಟರೆ ಸೂಚನೆಯೂ ಹೋಯಿತು, ಸತ್ಯ ಹೇಳುವ ಅಭ್ಯಾಸವೂ ಹೋಯಿತು.

ಎಷ್ಟು ಬಂತು ಎನ್ನುವ ಮೊದಲು, ಯಾವ ಪಾಠ ಅರ್ಥವಾಗಲಿಲ್ಲ ಎಂದು ಕೇಳಿ. ಹಾಜರಾತಿ ನೋಡಿ. ಪೋಷಕರ ಸಭೆಗೆ ಹೋಗಿ. ನೆಂಟರ ಮಕ್ಕಳಿಗೆ ಹೋಲಿಸಬೇಡಿ.

ಆ ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಸಹಿ ಹಾಕಿದರು.

ಸಹೋದರರೇ, ಅಂತ್ಯದಿನ ನಮ್ಮ ಕರ್ಮಪತ್ರವೂ ನಮ್ಮ ಕೈಗೆ ಬರಲಿದೆ. ಅಂದು ಅಲ್ಲಾಹನ ಕರುಣೆ ಬಯಸುವ ನಾವು ಇಂದು ಮಕ್ಕಳಿಗೆ ಕರುಣೆ ತೋರೋಣ. ಆಮೀನ್.